ರಾಜನ ಮುಖ ಉಜ್ಜಿ ಅಳಿಸಿದ ನಾಣ್ಯಗಳು

ಇಂಗ್ಲೆಂಡಿನಲ್ಲಿ 1797ರಲ್ಲಿ ಅಚ್ಚಾದ ತಾಮ್ರದ ಪೆನ್ನಿ ಸಾಮಾನ್ಯ ಚಿಲ್ಲರೆ ನಾಣ್ಯದಂತಿರಲಿಲ್ಲ. ಒಂದು ಔನ್ಸ್ ತೂಕ, ಅಂದರೆ 28 ಗ್ರಾಮಿಗೂ ತುಸು ಹೆಚ್ಚು. ಅಡ್ಡಳತೆ 36 ಮಿಲಿಮೀಟರ್. ಸುತ್ತಲೂ ದಪ್ಪನಾಗಿ ಎದ್ದು ನಿಂತ ಅಂಚು. ಬರ್ಮಿಂಗ್‌ಹ್ಯಾಮಿನ ಬಳಿಯ ತನ್ನ ಸೋಹೊ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೋಲ್ಟನ್ ಇವನ್ನು ಉಗಿಯಂತ್ರದ ಬಲದಿಂದ ಅಚ್ಚು ಹಾಕಿಸಿದ. ಆ ಅಂಚಿನ ದೆಸೆಯಿಂದ ಜನ ಇವನ್ನು ಗಾಡಿಚಕ್ರದ ಪೆನ್ನಿ ಎಂದು ಕರೆದರು. ಒಂದು ಮುಖದಲ್ಲಿ ಮೂರನೆಯ ಜಾರ್ಜ್ ದೊರೆ, ಇನ್ನೊಂದು ಮುಖದಲ್ಲಿ ತ್ರಿಶೂಲ ಹಿಡಿದು ಕುಳಿತ ಬ್ರಿಟಾನಿಯಾ, ಅಂದರೆ ಹೆಣ್ಣಿನ ರೂಪದಲ್ಲಿ ಚಿತ್ರಿಸಿದ ಬ್ರಿಟನ್. ಜೇಬಿನಲ್ಲಿ ಹೊತ್ತು ತಿರುಗುವುದಕ್ಕೆ ತೀರ ಭಾರವಾದ ಈ ನಾಣ್ಯ ಅಂಗಡಿಯವರಿಗೂ ಗೃಹಿಣಿಯರಿಗೂ ತಕ್ಕಡಿಯ ತೂಕದ ಬಟ್ಟಾಗಿ ಒದಗಿತು. ಸೆರೆಮನೆಯಲ್ಲಿದ್ದವರಿಗೆ ಅದು ಒದಗಿದ ಬಗೆಯೇ ಬೇರೆ.

ಗಡೀಪಾರಿನ ಶಿಕ್ಷೆಗೆ ಗುರಿಯಾಗಿ, ಹಡಗಿಗಾಗಿ ಕಾಯುತ್ತ ಕುಳಿತ ಕೈದಿಗಳು ಈ ನಾಣ್ಯದ ಎರಡೂ ಮುಖಗಳನ್ನು ಸಂಪೂರ್ಣವಾಗಿ ನುಣುಪಾಗುವಂತೆ ಉಜ್ಜಿ, ದೊರೆಯನ್ನೂ ಬ್ರಿಟಾನಿಯಾಳನ್ನೂ ಅಳಿಸಿ, ಬರಿದಾದ ತಾಮ್ರದ ಮೇಲೆ ತಮ್ಮ ಹೆಸರು, ವಯಸ್ಸು, ಶಿಕ್ಷೆಯ ಅವಧಿ, ತಾವು ಬಿಟ್ಟು ಹೋಗುತ್ತಿರುವವರ ಹೆಸರು, ಎರಡು ಸಾಲು ಪದ್ಯ ಇವುಗಳನ್ನು ಕೆತ್ತಿಯೋ ಕೆತ್ತಿಸಿಯೋ ತಾಯಿಗೆ, ಹೆಂಡತಿಗೆ, ಪ್ರೇಯಸಿಗೆ, ಮಕ್ಕಳಿಗೆ ಕೊಟ್ಟು ಹೋಗುತ್ತಿದ್ದರು. ಕೊಟ್ಟವರು ಆಸ್ಟ್ರೇಲಿಯಾಕ್ಕೆ ಹೋದರು. ನಾಣ್ಯ ಇಂಗ್ಲೆಂಡಿನಲ್ಲೇ ಉಳಿಯಿತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ತಯಾರಾದ ಇಂತಹ ನಾಣ್ಯಗಳಲ್ಲಿ ಮುನ್ನೂರಕ್ಕೂ ಹೆಚ್ಚು ಇಂದು ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಮುಂದೆ ನಿಂತು ನೋಡಿದ ಮೇಲೆ, ನೆನಪಿಗಾಗಿ ಒಂದು ವಸ್ತುವನ್ನು ಕೊಡುವುದು ಎಂದರೇನು ಎಂಬ ಬಗ್ಗೆ ನನ್ನ ತಿಳಿವಳಿಕೆ ಬದಲಾಗಿದೆ. ಕೊಡುವವನು ಆ ವಸ್ತುವಿನ ಬೆಲೆಯನ್ನು ತನ್ನ ಕೈಯಾರೆ ತೆಗೆದುಹಾಕಿದಾಗ ಅದು ಪಡೆದವರಿಗೆ ಮಾತ್ರ ಸಲ್ಲುವ ವಸ್ತುವಾಗುತ್ತದೆ. ಆದರೆ ಹಾಗೆ ಆದ ವಸ್ತುವಿಗೆ, ಯಾರು ಯಾರಿಗೆ ಕೊಟ್ಟರು ಎಂಬ ಸಂಗತಿಯೊಂದೇ ಆಸರೆ. ಆ ಸಂಗತಿ ಕಳಚಿಕೊಂಡರೆ ಉಳಿಯುವುದು ಸವೆದ ಲೋಹ ಮಾತ್ರ.

ಈ ನಾಣ್ಯಗಳ ಹಿಂದಿರುವ ವ್ಯವಸ್ಥೆಯನ್ನು ತಿಳಿಯದೆ ಅವುಗಳನ್ನು ಓದಲು ಬರುವುದಿಲ್ಲ. ಬ್ರಿಟನ್ ತನ್ನ ಅಪರಾಧಿಗಳನ್ನು ಮೊದಲು ಅಮೆರಿಕದ ವಸಾಹತುಗಳಿಗೆ ಸಾಗಿಸುತ್ತಿತ್ತು. 1775ರಲ್ಲಿ ಅಲ್ಲಿ ಯುದ್ಧ ಆರಂಭವಾಗಿ ಆ ದಾರಿ ಮುಚ್ಚಿದಾಗ ಸೆರೆಮನೆಗಳು ತುಂಬಿ ತುಳುಕಿದವು. 1776ರಿಂದ ಹಳೆಯ ಹಡಗುಗಳನ್ನು ಥೇಮ್ಸ್ ನದಿಯಲ್ಲಿಯೂ ಆಮೇಲೆ ಪೋರ್ಟ್ಸ್‌ಮತ್, ಪ್ಲಿಮತ್ ಬಂದರುಗಳಲ್ಲಿಯೂ ಲಂಗರು ಹಾಕಿ ನಿಲ್ಲಿಸಿ, ಅವುಗಳನ್ನೇ ತೇಲುವ ಸೆರೆಮನೆಗಳನ್ನಾಗಿ ಮಾಡಿದರು. ಕೈದಿಗಳನ್ನು ಹೊತ್ತ ಮೊದಲ ನೌಕಾಪಡೆ 11 ಹಡಗುಗಳೊಡನೆ 1787ರ ಮೇ 13ರಂದು ಪೋರ್ಟ್ಸ್‌ಮತ್ ಬಿಟ್ಟು 1788ರ ಜನವರಿಯಲ್ಲಿ ಆಸ್ಟ್ರೇಲಿಯಾದ ಬಾಟನಿ ಕೊಲ್ಲಿಯನ್ನು ತಲುಪಿತು. ಅಂದಿನಿಂದ 1868ರವರೆಗೆ, ಎಂಟು ದಶಕಗಳಲ್ಲಿ, ಸುಮಾರು 1,62,000 ಗಂಡಸರು ಮತ್ತು ಹೆಂಗಸರನ್ನು ಹೀಗೆ ಸಾಗಿಸಲಾಯಿತು. ಶಿಕ್ಷೆ ಸಾಮಾನ್ಯವಾಗಿ ಏಳು ವರ್ಷ, ಹದಿನಾಲ್ಕು ವರ್ಷ, ಇಲ್ಲವೇ ಜೀವಾವಧಿ. ಬಹುಪಾಲು ಅಪರಾಧಗಳು ಕಳ್ಳತನಕ್ಕೆ ಸೇರಿದವು: ಬಟ್ಟೆ, ಗಡಿಯಾರ, ಕುರಿ, ಒಂದಷ್ಟು ಹಣ.

ಏಳು ವರ್ಷದ ಶಿಕ್ಷೆ ಎಂದರೆ ಏಳು ವರ್ಷದ ಮೇಲೆ ಮನೆಗೆ ಮರಳುವುದು ಎಂದು ಅರ್ಥವಾಗಿರಲಿಲ್ಲ. ಅವಧಿ ತೀರುವ ಮೊದಲೇ ಮರಳಿದವನಿಗೆ ಮರಣದಂಡನೆಯ ಭಯವಿತ್ತು. ಅವಧಿ ತೀರಿದವನಿಗೆ ಸರಕಾರ ಮರಳುವ ಹಡಗಿನ ಖರ್ಚು ಕೊಡುತ್ತಿರಲಿಲ್ಲ. ಹೀಗಾಗಿ ಹೆಚ್ಚಿನವರು ಮರಳಲೇ ಇಲ್ಲ. ಪತ್ರ ಬರೆಯುವುದು ಸುಲಭವೇ ಎಂದರೆ, ಅದೂ ಅಲ್ಲ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಬರುವವರೆಗೆ ಅಂಚೆಯ ದರ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ಅವಲಂಬಿಸಿತ್ತು, ಮತ್ತು ಸಾಮಾನ್ಯವಾಗಿ ಅದನ್ನು ಪತ್ರ ಪಡೆದವರೇ ತೆರಬೇಕಿತ್ತು. ಓದು ಬರಹ ಬಾರದ ಕೂಲಿಯ ಮಗನಿಗೆ, ಓದು ಬರಹ ಬಾರದ ತಾಯಿಯನ್ನು ಬಿಟ್ಟು ಹೋಗುವಾಗ, ಕಾಗದದ ಮೇಲೆ ನೆಚ್ಚಿಕೆ ಇಡಲು ಕಾರಣವೇ ಇರಲಿಲ್ಲ. ಕಾಗದ ಹರಿಯುತ್ತದೆ, ನೆನೆಯುತ್ತದೆ, ಒಲೆಗೆ ಹೋಗುತ್ತದೆ. ತಾಮ್ರ ಉಳಿಯುತ್ತದೆ. ತಾಯಿಗೆ ಅಕ್ಷರ ಬಾರದಿದ್ದರೂ ಅದರ ಮೇಲೆ ಬೆರಳಾಡಿಸಿದರೆ ಮಗನ ಹೆಸರಿನ ತಗ್ಗು ತಿಳಿಯುತ್ತದೆ.

ಹತ್ತಿರದಿಂದ ನೋಡಿದಾಗ ಈ ನಾಣ್ಯಗಳಲ್ಲಿ ಎರಡು ಬಗೆಯ ಕೆಲಸ ಕಾಣುತ್ತದೆ. ಕೆಲವು ನುರಿತ ಕೈಯಿಂದ ಬಂದವು; ಚೂಪಾದ ಉಳಿಯಿಂದ ಒಂದೇ ಎಳೆತದಲ್ಲಿ ಕೊರೆದ ಬಾಗು ಅಕ್ಷರಗಳು, ಸುತ್ತಲೂ ಬಳ್ಳಿಯ ಅಂಚು, ನಡುವೆ ಬಾಣ ನಾಟಿದ ಹೃದಯ ಅಥವಾ ಕೊಕ್ಕಿಗೆ ಕೊಕ್ಕು ತಾಗಿಸಿದ ಎರಡು ಪಾರಿವಾಳ. ಇನ್ನು ಕೆಲವು ಮೊಳೆ ಅಥವಾ ಸೂಜಿಯ ಮೊನೆಯಿಂದ ಒಂದೊಂದೇ ಚುಕ್ಕಿ ಕುಟ್ಟಿ, ಚುಕ್ಕಿಗಳ ಸಾಲಿನಿಂದಲೇ ಅಕ್ಷರ ಮೂಡಿಸಿದಂಥವು. ನಮ್ಮಲ್ಲಿ ಮದುವೆಗೆ ಕೊಡುವ ಹಿತ್ತಾಳೆ ಬಿಂದಿಗೆಯ ಕಂಠದ ಮೇಲೆ ಯಂತ್ರ ಬರುವ ಮೊದಲು ಪಾತ್ರೆ ಅಂಗಡಿಯವರು ಚಾಣದಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಕೊಡುತ್ತಿದ್ದರಲ್ಲ, ಅದೇ ಕೆಲಸ ಇದು. ಬಿಂದಿಗೆಯ ಮೇಲೆ ಕೊಟ್ಟವರ ಹೆಸರೂ ತಾರೀಖೂ ಇರುತ್ತಿದ್ದ ಹಾಗೆ ಇಲ್ಲಿಯೂ ಇರುತ್ತವೆ. ಇಲ್ಲಿಯ ತಾರೀಖು ನ್ಯಾಯಾಲಯ ತೀರ್ಪು ಕೊಟ್ಟ ದಿನದ್ದು.

ಚುಕ್ಕಿಯ ನಾಣ್ಯಗಳೇ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದವು. ತಾಮ್ರದ ಬಣ್ಣ ಒಣಗಿದ ಹುಣಸೆಯಷ್ಟು ಕಪ್ಪಾಗಿದೆ. ಕೆಲವದರಲ್ಲಿ ಗಾಡಿಚಕ್ರದ ಅಂಚು ಇನ್ನೂ ಉಳಿದು, ಬರಹಕ್ಕೆ ಚೌಕಟ್ಟು ಕಟ್ಟಿದಂತಿದೆ. ಕೆತ್ತಿದವನು ಮೊದಲ ಸಾಲನ್ನು ದೊಡ್ಡ ಅಕ್ಷರಗಳಿಂದ ಧಾರಾಳವಾಗಿ ಆರಂಭಿಸುತ್ತಾನೆ; ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಜಾಗ ಸಾಲದೆ ಅಕ್ಷರಗಳು ಕಿರಿದಾಗಿ ಒಂದನ್ನೊಂದು ಒತ್ತುತ್ತವೆ; ಒಂದು ಪದದ ಕೊನೆಯ ಅಕ್ಷರ ಮಾತ್ರ ಕೆಳಗಿನ ಸಾಲಿಗೆ ಇಳಿದು ಒಂಟಿಯಾಗಿ ನಿಲ್ಲುತ್ತದೆ. ಕಾಗುಣಿತ ಕಿವಿಗೆ ಕೇಳಿದಂತೆ. ಮುದ್ರಿತ ಪುಸ್ತಕದಲ್ಲಿ ತಪ್ಪೆಂದು ತಿದ್ದಿ ಮರೆಸಿಬಿಡುವ ಇಂತಹ ಗುರುತುಗಳೇ ಇಲ್ಲಿ ಒಬ್ಬ ಮನುಷ್ಯ ಕುಳಿತು ಕೆಲಸ ಮಾಡಿದ್ದಕ್ಕೆ ಸಾಕ್ಷಿಯಾಗಿವೆ.

ಸಂಗ್ರಹದಲ್ಲಿರುವ ಒಂದು ನಾಣ್ಯ ಥಾಮಸ್ ಆಲ್ಸಪ್ ಎಂಬವನದು. ಕುರಿ ಕದ್ದದ್ದಕ್ಕಾಗಿ 1833ರಲ್ಲಿ ಗಡೀಪಾರಿನ ಶಿಕ್ಷೆ ಪಡೆದವನು. ಒಂದು ಮುಖದಲ್ಲಿ, ನಿನ್ನ ನತದೃಷ್ಟ ಮಗನಿಂದ ಇದನ್ನು ಸ್ವೀಕರಿಸು ತಾಯಿ ಎಂಬ ಒಕ್ಕಣೆ. ಮತ್ತೊಂದರಲ್ಲಿ ನಾಲ್ಕು ಸಾಲಿನ ಪದ್ಯ. ಗುಲಾಬಿ ಬೇಗ ಬಾಡಿ ಸಾಯುತ್ತದೆ, ಮುಳ್ಳುಬಳ್ಳಿಯೂ ಒಣಗುತ್ತದೆ, ಆದರೆ ನಿನ್ನ ಮೇಲಿನ ಪ್ರೀತಿ ತುಂಬಿದ ನನ್ನ ಎದೆ ಎಂದೂ ದಾರಿ ತಪ್ಪದು ಎಂಬುದು ಅದರ ತಾತ್ಪರ್ಯ. ಓದಿದ ಕೂಡಲೇ ತಿಳಿಯುತ್ತದೆ, ಈ ಪದ್ಯ ತಾಯಿಗಾಗಿ ಹುಟ್ಟಿದ್ದಲ್ಲ, ಪ್ರೇಮಿಗಳ ನಡುವೆ ಓಡಾಡಿದ್ದು. ಸೆರೆಮನೆಯಲ್ಲಿ ಇಂತಹ ಪದ್ಯಗಳ ಒಂದು ಸಂಚಯವೇ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು. ಇದನ್ನು ಕಂಡಾಗ ನನ್ನನ್ನು ನೆನೆ, ನಾನು ದೂರವಿರುವಾಗ ನೆನೆ ಎಂಬ ಎರಡು ಸಾಲು ಎಷ್ಟೋ ನಾಣ್ಯಗಳ ಮೇಲೆ, ಚೂರುಪಾರು ವ್ಯತ್ಯಾಸದೊಡನೆ, ಮತ್ತೆ ಮತ್ತೆ ಬರುತ್ತದೆ. ಇಂಗ್ಲೆಂಡಿನ ಗುಲಾಬಿ ಅರಳದಿರಲಿ, ಸ್ಕಾಟ್ಲೆಂಡಿನ ಕ್ಲೈಡ್ ನದಿ ಹರಿಯದಿರಲಿ, ಐರ್ಲೆಂಡಿನ ವೀಣೆ ನುಡಿಯದಿರಲಿ, ಈ ಬಡ ಕೈದಿಗೆ ಬಿಡುಗಡೆ ದೊರೆಯುವವರೆಗೆ ಎಂದು ಶಪಥದಂತೆ ಹೇಳುವ ಸಾಲುಗಳೂ ಇವೆ.

ಪದ್ಯಗಳು ಎರವಲು ಎಂಬ ಕಾರಣಕ್ಕೆ ಅವುಗಳ ಹಿಂದಿನ ಭಾವವೂ ಎರವಲು ಎಂದು ತೀರ್ಮಾನಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಸೋಬಾನೆ ಹಾಡುಗಳನ್ನು, ಹೆಣ್ಣು ಒಪ್ಪಿಸುವ ಹಾಡುಗಳನ್ನು ಯಾವ ತಾಯಿಯೂ ಆ ಹೊತ್ತಿಗೆ ತಾನೇ ಕಟ್ಟುವುದಿಲ್ಲ. ಊರೆಲ್ಲ ಹಾಡುವ ಹಾಡನ್ನೇ ಹಾಡುತ್ತಾಳೆ, ಅವಳ ಕಣ್ಣೀರು ಮಾತ್ರ ಅವಳದೇ. ಮಾತು ಕೈಕೊಡುವ ಘಳಿಗೆಯಲ್ಲಿ ಎಲ್ಲರಿಗೂ ಸೇರಿದ ಮಾತು ನೆರವಿಗೆ ಬರುತ್ತದೆ. ಅದಕ್ಕೇ ಇರಬೇಕು, ಈ ನಾಣ್ಯಗಳಲ್ಲಿ ಪದ್ಯಕ್ಕಿಂತ ಅದರ ಪಕ್ಕದ ಒಣ ವಿವರಗಳು, ಹೆಸರು, ವಯಸ್ಸು, ಇಷ್ಟು ವರ್ಷ ಎಂಬ ಲೆಕ್ಕ, ಹೆಚ್ಚು ತಟ್ಟುತ್ತವೆ. ಎರವಲಲ್ಲದ ಭಾಗ ಅಷ್ಟೇ.

ಕೆತ್ತುವ ಕೆಲಸ ಎಲ್ಲ ಕೈದಿಗಳಿಗೂ ಬರುತ್ತಿರಲಿಲ್ಲ. ಸೆರೆಮನೆಯೊಳಗೇ ಲೋಹದ ಕೆಲಸ ಬಲ್ಲವರು ಇರುತ್ತಿದ್ದರು. ಖೋಟಾ ನಾಣ್ಯ ಮಾಡಿ ಸಿಕ್ಕಿಬಿದ್ದವರೂ ಇದ್ದರು. ಉಳಿದವರು ಅವರಿಂದ ಕೆತ್ತಿಸಿಕೊಳ್ಳುತ್ತಿದ್ದರು. ಇಂತಹ ಒಬ್ಬನ ಕಥೆ ದಾಖಲೆಗಳಲ್ಲಿ ಉಳಿದುಬಂದಿದೆ, ಮತ್ತು ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅವನ ಹೆಸರು ಥಾಮಸ್ ಬ್ಯಾರೆಟ್. 1782ರಲ್ಲಿ ಬೆಳ್ಳಿಯ ಗಡಿಯಾರ ಮತ್ತಿತರ ವಸ್ತುಗಳನ್ನು ಕದ್ದದ್ದಕ್ಕೆ ಲಂಡನ್ನಿನಲ್ಲಿ ಮರಣದಂಡನೆ ಪಡೆದು, ಅದು ಗಡೀಪಾರಿಗೆ ಇಳಿದು, 1784ರಲ್ಲಿ ಮರ್ಕ್ಯುರಿ ಎಂಬ ಹಡಗನ್ನು ಹತ್ತಿದ. ಆ ಹಡಗಿನಲ್ಲಿ ಕೈದಿಗಳು ದಂಗೆ ಎದ್ದರು. ಮತ್ತೆ ಸೆರೆ ಸಿಕ್ಕಾಗ ಬ್ಯಾರೆಟ್‌ನಿಗೆ ಮತ್ತೊಮ್ಮೆ ಮರಣದಂಡನೆ ಕಾದಿತ್ತು. ದಂಗೆಯ ಹೊತ್ತಿನಲ್ಲಿ ಹಡಗಿನ ಉಸ್ತುವಾರಿಯವನ ಪ್ರಾಣ ಉಳಿಸಿದ್ದನೆಂಬ ಕಾರಣಕ್ಕೆ ಅದರಿಂದಲೂ ಪಾರಾದ. ಕೊನೆಗೆ ಮೊದಲ ನೌಕಾಪಡೆಯ ಶಾರ್ಲೆಟ್ ಹಡಗಿನಲ್ಲಿ ಅವನನ್ನು ಸಾಗಿಸಿದರು. ದಾರಿಯಲ್ಲಿ ರಿಯೋ ಡಿ ಜನೈರೋದಲ್ಲಿ ತಂಗಿದ್ದಾಗ, ಬಕಲುಗಳನ್ನೂ ಗುಂಡಿಗಳನ್ನೂ ತವರದ ಚಮಚಗಳನ್ನೂ ಕರಗಿಸಿ ಕಾಲು ಡಾಲರಿನ ನಾಣ್ಯಗಳನ್ನು ಎರಕ ಹೊಯ್ದು, ದೋಣಿಯಲ್ಲಿ ಬರುತ್ತಿದ್ದ ವ್ಯಾಪಾರಿಗಳಿಗೆ ದಾಟಿಸಲು ನೋಡಿ ಅವನೂ ಅವನ ಸಂಗಡಿಗರೂ ಸಿಕ್ಕಿಬಿದ್ದರು. ನೌಕಾಪಡೆಯ ಮುಖ್ಯ ವೈದ್ಯ ಜಾನ್ ವೈಟ್ ಈ ಪ್ರಸಂಗವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಇಷ್ಟು ಕಾವಲಿನ ನಡುವೆ, ಬೆಂಕಿಯ ಹತ್ತಿರ ಹೋಗಲೂ ಬಿಡದ ಹಡಗಿನಲ್ಲಿ, ಇದನ್ನು ಹೇಗೆ ಮಾಡಿದರೆಂಬುದು ಅವನಿಗೆ ಬಗೆಹರಿಯದ ಅಚ್ಚರಿ. ಶಿಕ್ಷಿಸಬೇಕಾದವನ ಕುಶಲತೆಯನ್ನು ಅವನು ಮನಸಾರೆ ಮೆಚ್ಚಿದ್ದ.

ಬಾಟನಿ ಕೊಲ್ಲಿಯನ್ನು ತಲುಪಿದಾಗ ವೈಟ್ ಆ ಪ್ರಯಾಣದ ನೆನಪಿಗಾಗಿ ಒಂದು ಪದಕ ಕೆತ್ತಿಸಿಕೊಂಡ. ಕೆತ್ತಿದವನು ಬ್ಯಾರೆಟ್ ಎಂಬುದು ಇತಿಹಾಸಕಾರರ ನಂಬಿಕೆ. ಬೆಳ್ಳಿಯ ಬಿಲ್ಲೆಯ ಒಂದು ಮುಖದಲ್ಲಿ ಲಂಗರು ಹಾಕಿ ನಿಂತ ಶಾರ್ಲೆಟ್ ಹಡಗು, ಆಕಾಶದಲ್ಲಿ ಸೂರ್ಯ, ಚಂದ್ರ, ನಕ್ಷತ್ರ. ಮತ್ತೊಂದರಲ್ಲಿ ಪ್ರಯಾಣದ ಮಜಲುಗಳೂ ತಾರೀಖುಗಳೂ ಒತ್ತೊತ್ತಾಗಿ. ಹಡಗಿನ ಹಗ್ಗಗಳನ್ನು ಸಹ ಬಿಡದೆ ಕೊರೆದಿದ್ದಾನೆ. ಇದಾಗಿ ಕೆಲವೇ ವಾರಗಳಲ್ಲಿ, 1788ರ ಫೆಬ್ರವರಿ 27ರಂದು, ಸರಕಾರಿ ಉಗ್ರಾಣದಿಂದ ಆಹಾರ ಕದ್ದ ಅಪರಾಧಕ್ಕೆ ಬ್ಯಾರೆಟ್‌ನನ್ನು ಗಲ್ಲಿಗೇರಿಸಿದರು. ಹೊಸ ವಸಾಹತಿನಲ್ಲಿ ಮರಣದಂಡನೆಗೆ ಗುರಿಯಾದವರಲ್ಲಿ ಅವನೇ ಮೊದಲಿಗ. ಶಾರ್ಲೆಟ್ ಪದಕ ಈಗ ಸಿಡ್ನಿಯಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿದೆ. ಆ ನೆಲದಲ್ಲಿ ಬಂದಿಳಿದವರು ಮಾಡಿದ ಮೊದಲ ಕಲಾಕೃತಿ ಎಂದು ಅದನ್ನು ಗೌರವಿಸುತ್ತಾರೆ. ಅದರ ಮೇಲೆ ಕೆತ್ತಿದವನ ಹೆಸರಿಲ್ಲ. ಬೇರೆಯವರ ನೆನಪನ್ನು ಅಷ್ಟು ಚೆಂದವಾಗಿ ಉಳಿಸಿಕೊಟ್ಟವನು ತನ್ನವರಿಗೆ ಏನನ್ನಾದರೂ ಕೆತ್ತಿಕೊಟ್ಟಿದ್ದನೇ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಆ ಕಾಲದಲ್ಲಿ ನಾಣ್ಯದ ಮೇಲೆ ಕೈಮಾಡುವುದು ಎಂತಹ ಗಂಭೀರ ಸಂಗತಿಯಾಗಿತ್ತು ಎಂಬುದನ್ನೂ ನೆನಪಿಡಬೇಕು. ಇಂಗ್ಲೆಂಡಿನಲ್ಲಿ ಚಿನ್ನ ಬೆಳ್ಳಿಯ ನಾಣ್ಯಗಳನ್ನು ಖೋಟಾ ಮಾಡುವುದೂ ಅಂಚು ಕತ್ತರಿಸುವುದೂ ರಾಜದ್ರೋಹವಾಗಿತ್ತು. 1789ರ ಮಾರ್ಚಿನಲ್ಲಿ ಕ್ಯಾಥರಿನ್ ಮರ್ಫಿ ಎಂಬ ಹೆಂಗಸನ್ನು ಖೋಟಾ ನಾಣ್ಯದ ಅಪರಾಧಕ್ಕಾಗಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಹೊರಗೆ ಗಲ್ಲಿಗೆ ಹಾಕಿ, ಬಳಿಕ ಅವಳ ದೇಹವನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಮರುವರ್ಷ ಆ ಶಿಕ್ಷೆಯ ವಿಧಾನವೇ ರದ್ದಾಯಿತು. ಇದನ್ನು ಓದಿದ ಮೇಲೆ, ದೊರೆಯ ಮುಖವನ್ನು ಉಜ್ಜಿ ಅಳಿಸಿದ್ದು ಕೈದಿಗಳ ಪ್ರತಿಭಟನೆ ಎನ್ನಲು ಮನಸ್ಸು ಎಳೆಯುತ್ತದೆ. ಹಾಗೆ ಬರೆದವರೂ ಉಂಟು. ನನಗೆ ಕಾಣುವುದು ಅದಕ್ಕಿಂತ ಸರಳವಾದ ಸಂಗತಿ: ಅವರ ಕೈಗೆ ಎಟಕುತ್ತಿದ್ದ, ಅಗಲವಾದ, ಗಟ್ಟಿಯಾದ ಲೋಹದ ತುಂಡು ಅದೊಂದೇ. ತಾಯಿಯ ಹೆಸರಿಗೆ ಜಾಗ ಬೇಕಿತ್ತು. ಜಾಗವನ್ನು ದೊರೆ ಹಿಡಿದಿದ್ದ. ದಿನಗಟ್ಟಲೆ ಕಲ್ಲಿಗೆ ಉಜ್ಜಿದರಷ್ಟೇ ನುಣುಪಾಗುವ ತಾಮ್ರವನ್ನು ಹಟ ಹಿಡಿದು ಉಜ್ಜಿದ ಕೈಗಳಿಗೆ ದೊರೆಯ ಮೇಲಿನ ಸಿಟ್ಟಿಗಿಂತ ತಾಯಿಯ ಮೇಲಿನ ಮೋಹವೇ ಬಲ ಕೊಟ್ಟಿರಬೇಕು.

ಈ ಪದ್ಧತಿಯನ್ನು ಕೈದಿಗಳೇ ಹುಟ್ಟುಹಾಕಿದ್ದಲ್ಲ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮೂರನೆಯ ವಿಲಿಯಮ್‌ನ ಬೆಳ್ಳಿಯ ಆರು ಪೆನ್ಸ್ ನಾಣ್ಯವನ್ನು ಎರಡು ಕಡೆ ಬಾಗಿಸಿ ಪ್ರೇಯಸಿಗೆ ಕೊಡುವ ರೂಢಿಯಿತ್ತು. ನಾವಿಕರು ದೀರ್ಘ ಯಾನಕ್ಕೆ ಹೊರಡುವ ಮುನ್ನ ಹೆಸರು ಕೊರೆದ ನಾಣ್ಯ ಕೊಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದಲ್ಲಿ ಇದು ದೊಡ್ಡ ಫ್ಯಾಷನ್ನೇ ಆಯಿತು. ಹತ್ತು ಸೆಂಟಿನ ಬೆಳ್ಳಿಯ ಡೈಮ್ ನಾಣ್ಯದ ಒಂದು ಮುಖವನ್ನು ನುಣುಪು ಮಾಡಿ, ಒಂದಕ್ಕೊಂದು ಹೆಣೆದುಕೊಂಡ ಅಲಂಕಾರದ ಹೆಸರಿನಕ್ಷರಗಳನ್ನು ಅಕ್ಕಸಾಲಿಗರಿಂದ ಕೆತ್ತಿಸಿ, ಅಂತಹ ಹಲವನ್ನು ಪೋಣಿಸಿ ಕೈಬಳೆ ಮಾಡಿಸುತ್ತಿದ್ದರು. ನೋಡಲು ಬಹಳ ಸೊಗಸು. ಆದರೆ ಹೆಸರಿನ ಮೊದಲಕ್ಷರಗಳಷ್ಟೇ ಇರುವ ಆ ನಾಣ್ಯಗಳು ಇಂದು ಬಹುತೇಕ ಮೂಕವಾಗಿವೆ.

ನಮ್ಮ ನಾಡಿನಲ್ಲಿಯೂ ನಾಣ್ಯ ನೆನಪಿನ ವಸ್ತುವಾಗಿದೆ, ಆದರೆ ದಾರಿ ಬೇರೆ. ಕಾಸಿನ ಸರದಲ್ಲಿ ನಾಣ್ಯವೋ ನಾಣ್ಯದ ರೂಪದ ಬಿಲ್ಲೆಯೋ ಸಾಲಾಗಿ ಕೂರುತ್ತದೆ. ಕೊಡವರ ಪತ್ತಾಕ್ ಎಂಬ ಪದಕದ ನಡುವೆ ಎಷ್ಟೋ ಮನೆಗಳಲ್ಲಿ ಬ್ರಿಟಿಷ್ ಕಾಲದ ಚಿನ್ನದ ಸವರನ್ ಇದೆ. ವಿಕ್ಟೋರಿಯಾ ರಾಣಿಯ ಮುಖ ಹಾಗೇ ಇದ್ದು, ಸುತ್ತಲೂ ಕೆಂಪು ಹರಳು, ಮೇಲೆ ನಾಗನ ಹೆಡೆ. ಕರಾವಳಿಯಲ್ಲಿ ಇಂದಿಗೂ ಚಿನ್ನವನ್ನು ಪವನಿನ ಲೆಕ್ಕದಲ್ಲಿ ಅಳೆಯುವುದು ಆ ಸವರನ್ನಿನ ಎಂಟು ಗ್ರಾಮಿನ ತೂಕದ ಮೇಲೆಯೇ. ಅಜ್ಜಿಯರು ಪೆಟ್ಟಿಗೆಯ ತಳದಲ್ಲಿ ಇಟ್ಟಿರುತ್ತಿದ್ದ ರಾಣಿ ಛಾಪಿನ ಬೆಳ್ಳಿ ರೂಪಾಯಿಯೂ ಹಾಗೆಯೇ, ಮುಖ ಮುಕ್ಕಾಗದಂತೆ ಕಾಪಾಡಿದ್ದು. ನಮ್ಮವರು ನಾಣ್ಯಕ್ಕೆ ಕೊಂಡಿ ಹಾಕಿದರು, ಅದರ ಬೆಲೆಯನ್ನು ಮುಟ್ಟಲಿಲ್ಲ. ಕಷ್ಟಕಾಲಕ್ಕೆ ಒತ್ತೆ ಇಡಲು, ಮಗಳ ಮದುವೆಗೆ ಕರಗಿಸಲು ಅದು ಸಿದ್ಧವಿರಬೇಕು. ಇದರಲ್ಲಿ ಪ್ರೀತಿ ಕಡಿಮೆಯೇನಿಲ್ಲ. ಹೆಣ್ಣಿನ ಕೈಯಲ್ಲಿ ಉಳಿಯುವ ಆಸ್ತಿ ಅಷ್ಟೇ ಆಗಿದ್ದ ಕಾಲದಲ್ಲಿ ಅದು ಬಲು ದೊಡ್ಡ ಕಾಳಜಿ. ಆದರೆ ಕರಗಿಸಲು ಬರುವುದು ಒಂದು ದಿನ ಕರಗಿಯೇ ಹೋಗುತ್ತದೆ. ಕೈದಿಯ ಪೆನ್ನಿಯನ್ನು ಯಾವ ಅಂಗಡಿಯವನೂ ತೆಗೆದುಕೊಳ್ಳುತ್ತಿರಲಿಲ್ಲ, ಒತ್ತೆ ಇಡಲೂ ಬರುತ್ತಿರಲಿಲ್ಲ. ಹಸಿವಿನ ದಿನಗಳಲ್ಲಿಯೂ ಅದು ಮನೆಯಲ್ಲಿ ಉಳಿದದ್ದಕ್ಕೆ ಆ ನಿಷ್ಪ್ರಯೋಜಕತೆಯೂ ಒಂದು ಕಾರಣ.

ಇದಕ್ಕಿಂತ ಕಠಿಣವಾದ ಇನ್ನೊಂದು ಸಂಗ್ರಹ ಲಂಡನ್ನಿನಲ್ಲಿದೆ. ಬೀದಿಯಲ್ಲಿ ಸಾಯುತ್ತಿದ್ದ ಹಸುಗೂಸುಗಳನ್ನು ಕಂಡು ಮರುಗಿದ ಹಡಗಿನ ಕಪ್ತಾನ ಥಾಮಸ್ ಕೋರಮ್ ಎಂಬವನು ವರ್ಷಗಟ್ಟಲೆ ಹೋರಾಡಿ 1739ರಲ್ಲಿ ರಾಜಸನ್ನದು ಪಡೆದು ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಅನಾಥ ಶಿಶುಗಳ ಆಶ್ರಯವನ್ನು ಸ್ಥಾಪಿಸಿದ. 1741ರ ಮಾರ್ಚ್ 25ರಂದು ಮೊದಲ ಮಕ್ಕಳನ್ನು ಸೇರಿಸಿಕೊಂಡರು. ಸಾಕಲಾಗದ ತಾಯಂದಿರು ಮಗುವನ್ನು ಅಲ್ಲಿ ಒಪ್ಪಿಸುತ್ತಿದ್ದರು. ಒಪ್ಪಿಸಿದ ಕೂಡಲೇ ಮಗುವಿಗೆ ಹೊಸ ಹೆಸರು. ಮುಂದೊಂದು ದಿನ ಸ್ಥಿತಿ ಸುಧಾರಿಸಿ ತಾಯಿ ಮರಳಿ ಬಂದರೆ ಯಾವ ಮಗು ಅವಳದೆಂದು ಗುರುತಿಸಲು ಅವಳು ಬಿಟ್ಟು ಹೋಗುತ್ತಿದ್ದ ಒಂದು ಕುರುಹನ್ನು, ಮಗುವಿನ ವಿವರ ಬರೆದ ಪತ್ರದೊಳಗೆ ಇಟ್ಟು, ಮಡಚಿ ಮುದ್ರೆ ಹಾಕಿ ಇಡುತ್ತಿದ್ದರು. ಹೆಚ್ಚಿನವು ಬಟ್ಟೆಯ ತುಂಡುಗಳು. ಗುಂಡಿ, ಹೊಲಿಯುವಾಗ ಬೆರಳ ತುದಿಗೆ ತೊಡುವ ಟೊಪ್ಪಿಗೆ, ಹೇಜಲ್ ಕಾಯಿಯ ಚಿಪ್ಪು ಕೂಡ ಅವುಗಳಲ್ಲಿವೆ. ಮತ್ತು ನಾಣ್ಯಗಳು: ಎರಡಾಗಿ ಕತ್ತರಿಸಿದವು, ತೂತು ಕೊರೆದವು, ಮುಖ ಅಳಿಸಿ ಮಗುವಿನ ಹೆಸರನ್ನೋ ಹುಟ್ಟಿದ ದಿನವನ್ನೋ ಕೆತ್ತಿದವು.

1741ರಿಂದ 1760ರವರೆಗೆ ಅಲ್ಲಿ ಸೇರಿದ ಶಿಶುಗಳು 16,282. ಅವುಗಳಲ್ಲಿ ಮರಳಿ ಮನೆಯವರ ಕೈಸೇರಿದ್ದು 152. ಬಹುಪಾಲು ಮಕ್ಕಳು ಬದುಕಲೇ ಇಲ್ಲ. ಅಂದರೆ, ಮುದ್ರೆ ಹಾಕಿದ ಆ ಪತ್ರಗಳಲ್ಲಿ ಹೆಚ್ಚಿನವನ್ನು ತೆರೆಯಬೇಕಾದ ದಿನ ಬರಲೇ ಇಲ್ಲ. ತಾಯಿ ಕೆತ್ತಿಸಿ ಕೊಟ್ಟದ್ದು ಮಗುವಿಗೇ ಆದರೂ, ಆ ನಾಣ್ಯವನ್ನು ಮಗು ಎಂದೂ ಕಾಣುವಂತಿರಲಿಲ್ಲ. ಕೊಟ್ಟವರಿಗೂ ಪಡೆಯಬೇಕಾದವರಿಗೂ ನಡುವೆ, ಕಾಗದದ ಮಡಿಕೆಯಲ್ಲಿ, ಅದು ನೂರು ವರ್ಷ ಕುಳಿತಿತ್ತು.

1860ರ ದಶಕದಲ್ಲಿ ಆಶ್ರಯದ ಆಡಳಿತದವರು ಆ ಪತ್ರಗಳನ್ನು ತೆರೆದು, ಕುತೂಹಲ ಹುಟ್ಟಿಸುವಂತಿದ್ದ ನಾಣ್ಯ ಮತ್ತು ಲೋಹದ ಕುರುಹುಗಳನ್ನು ಹೊರತೆಗೆದು, ಜನರಿಗೆ ತೋರಿಸಲು ಪ್ರದರ್ಶನದಲ್ಲಿ ಇಟ್ಟರು. ಯಾವ ನಾಣ್ಯ ಯಾವ ಪತ್ರದ್ದು ಎಂದು ಗುರುತು ಹಾಕಿಕೊಳ್ಳಲಿಲ್ಲ. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದಿರಬಹುದು. ಜನ ಮರುಗಲಿ, ದಾನ ಬರಲಿ ಎಂದಿರಬಹುದು. ಆದರೂ ಇದನ್ನು ಓದಿದಾಗ ನನಗಾದ ಸಂಕಟ ಸಣ್ಣದಲ್ಲ. ಬಡತನ, ಕಾಯಿಲೆ, ಸಾವು ಇವು ಯಾವುವೂ ಕಡಿಯದ ಒಂದು ಎಳೆಯನ್ನು ಪ್ರದರ್ಶನದ ಪೆಟ್ಟಿಗೆ ಕಡಿಯಿತು. ಬಟ್ಟೆಯ ತುಂಡುಗಳು ನೋಡಲು ಸಾಧಾರಣವೆಂಬ ಕಾರಣಕ್ಕೆ ಪತ್ರಗಳಲ್ಲೇ ಉಳಿದವು, ಆದ್ದರಿಂದ ಯಾವ ಮಗುವಿನ ಬಟ್ಟೆ ಯಾವುದು ಎಂದು ಇಂದಿಗೂ ಹೇಳಬಹುದು. ಚೆಂದ ಕಂಡದ್ದಕ್ಕೇ ನಾಣ್ಯಗಳು ತಮ್ಮ ಮಕ್ಕಳನ್ನು ಕಳೆದುಕೊಂಡವು.

ಹಳೆಯ ನಾಣ್ಯ ಸಂಗ್ರಹಿಸುವ ಹವ್ಯಾಸದಲ್ಲಿ ಇದೇ ಅಪಾಯ ದಿನವೂ ನಡೆಯುತ್ತದೆ. ಕೆತ್ತಿದ ನಾಣ್ಯ ಮನೆಯಿಂದ ಹೊರಟು ಹರಾಜಿಗೆ ಬರುವಾಗ, ಯಾವ ಊರು, ಯಾವ ಮನೆತನ, ಯಾರ ಪೆಟ್ಟಿಗೆ ಎಂಬ ಮಾತು ಹಿಂದೆಯೇ ಉಳಿದುಬಿಡುತ್ತದೆ. ಮಾರುವವರು ಹೊಳಪು ಬರಲೆಂದು ತಾಮ್ರವನ್ನು ತಿಕ್ಕುತ್ತಾರೆ; ಮೊದಲೇ ತೆಳುವಾದ ಸೂಜಿಚುಕ್ಕಿಯ ಅಕ್ಷರ ಇನ್ನಷ್ಟು ಸವೆಯುತ್ತದೆ. ನೆನಪಿನ ನಾಣ್ಯವನ್ನು ಎಂದೂ ತಿಕ್ಕಬಾರದು. ಕಪ್ಪಾದ ಪದರವೇ ಅದಕ್ಕೆ ಕಾಪು. ಮನೆಯಲ್ಲಿ ಇಂಥದ್ದೊಂದು ಇದ್ದವರು, ಹೆಸರು ಹಾಕಿದ ಬೆಳ್ಳಿ ರೂಪಾಯಿಯಾಗಲಿ, ಬಿಲ್ಲೆಯಾಗಲಿ, ಅದರ ಜೊತೆಗೆ ಕೊಟ್ಟವರ ಪೂರ್ತಿ ಹೆಸರನ್ನೂ ಸಂದರ್ಭವನ್ನೂ ಒಂದು ಚೀಟಿಯಲ್ಲಿ ಬರೆದಿಡುವುದು ನಾಣ್ಯವನ್ನು ಬೀಗದಲ್ಲಿ ಇಡುವುದಕ್ಕಿಂತ ಮುಖ್ಯವಾದ ಕೆಲಸವೆಂದು ನನಗೆ ತೋರುತ್ತದೆ.

ಕೈದಿಗಳ ನಾಣ್ಯಗಳು ಈ ವಿಷಯದಲ್ಲಿ ಅದೃಷ್ಟ ಮಾಡಿದ್ದವು. ಇಂಗ್ಲೆಂಡಿನ ನಾಣ್ಯ ವ್ಯಾಪಾರಿ ಟಿಮೊತಿ ಮಿಲೆಟ್ ಅವುಗಳನ್ನು ಬಹುಕಾಲ ಕಲೆಹಾಕಿ ಒಟ್ಟಾಗಿಯೇ ಇಟ್ಟುಕೊಂಡಿದ್ದರು. 2008ರಲ್ಲಿ ಆ ಸಂಗ್ರಹವನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಹೀಗೆ, ಮಗ ಹೋದ ದಾರಿಯಲ್ಲಿ, ತಾಯಿಗೆ ಕೊಟ್ಟ ನಾಣ್ಯ ಎಷ್ಟೋ ತಲೆಮಾರುಗಳ ಬಳಿಕ ಅದೇ ನೆಲಕ್ಕೆ ಬಂದಿಳಿಯಿತು. ಪೂರ್ಣ ಹೆಸರು, ವಯಸ್ಸು, ತಾರೀಖು ಕೆತ್ತಿರುವುದರಿಂದ ಸಂಶೋಧಕರು ನ್ಯಾಯಾಲಯದ ಕಡತ, ಹಡಗಿನ ಪಟ್ಟಿ, ವಸಾಹತಿನ ದಾಖಲೆ ಇವುಗಳೊಡನೆ ತಾಳೆ ನೋಡಿ ಹಲವು ಕೈದಿಗಳನ್ನು ಗುರುತಿಸಿದ್ದಾರೆ: ಏನು ಕದ್ದ, ಯಾವ ಹಡಗು ಹತ್ತಿದ, ಎಲ್ಲಿ ದುಡಿದ. ನಾಣ್ಯ ಪಡೆದವರ ಬಗ್ಗೆ ಮಾತ್ರ ಇಷ್ಟು ತಿಳಿಯುವುದಿಲ್ಲ. ಸರಕಾರ ಕಳ್ಳನ ಬಣ್ಣ, ಎತ್ತರ, ಮೈಮೇಲಿನ ಮಚ್ಚೆಯವರೆಗೆ ಬರೆದಿಟ್ಟಿತು, ಅವನ ತಾಯಿಯನ್ನು ಬರೆದಿಡಲಿಲ್ಲ. ಅಂತಹ ಎಷ್ಟೋ ಹೆಂಗಸರ ಹೆಸರು ಮಗನೋ ಗಂಡನೋ ಕೆತ್ತಿಸಿದ ಆ ತಾಮ್ರದ ಮೇಲೆ ಉಳಿದುಬಂದಿದೆ.

ಲಂಡನ್ನಿನ ಫೌಂಡ್ಲಿಂಗ್ ಮ್ಯೂಸಿಯಮ್‌ನಲ್ಲಿರುವ ಕುರುಹುಗಳ ವಿಷಯದಲ್ಲಿಯೂ ಕೆಲಸ ನಡೆದಿದೆ. ಜಾನೆಟ್ ಬ್ರೈಟ್ ಮತ್ತು ಗಿಲಿಯನ್ ಕ್ಲಾರ್ಕ್ ಎಂಬ ಇಬ್ಬರು ಸಂಶೋಧಕಿಯರು ಹಳೆಯ ಪತ್ರಗಳನ್ನು ಒಂದೊಂದಾಗಿ ಓದಿ, ಮಗುವನ್ನು ಸೇರಿಸಿಕೊಂಡ ಗುಮಾಸ್ತ ಅಂದು ಬರೆದಿಟ್ಟ ವಿವರಣೆಯನ್ನು ಪ್ರದರ್ಶನದ ವಸ್ತುಗಳೊಡನೆ ಹೊಂದಿಸಿ, ಕಳಚಿಹೋಗಿದ್ದ ಕುರುಹುಗಳಲ್ಲಿ ಹಲವನ್ನು ಅವುಗಳ ಮಕ್ಕಳಿಗೆ ಮತ್ತೆ ಸೇರಿಸಿದ್ದಾರೆ. ಆ ಮಕ್ಕಳಲ್ಲಿ ಯಾರೂ ಇಂದು ಇಲ್ಲ, ಅವರ ತಾಯಂದಿರೂ ಇಲ್ಲ. ಆದರೂ ಗುಮಾಸ್ತನ ಅವಸರದ ಬರವಣಿಗೆಯಲ್ಲಿ, ಇಂಥ ದಿನ ಬಂದ ಇಂಥ ಹೆಣ್ಣುಮಗುವಿನೊಡನೆ ಹೀಗೊಂದು ಕೊರೆದ ನಾಣ್ಯವಿತ್ತು ಎಂಬ ಒಂದು ಸಾಲು ಇದ್ದದ್ದರಿಂದ ಆ ಕೆಲಸ ಸಾಧ್ಯವಾಯಿತು. ಸಾಲು ಇಲ್ಲದ ನಾಣ್ಯಗಳು ಇನ್ನೂ ಪೆಟ್ಟಿಗೆಯಲ್ಲಿವೆ.